ಬ್ಯಾಂಕಿನಿಂದ 60 ದಿನದ ನೋಟಿಸ್ ಬಂದಿದೆ, 19 ದಿನ ಆಗಲೇ ಹೋಗಿದೆ. ಮನೆ ಉಳಿಸಿಕೊಳ್ಳುವುದು ಹೇಗೆ?

ಹೊಸ್ತಿಲು | ಮಂಗಳವಾರ, ರಾತ್ರಿ 11.40

ಎಲ್ಲರಿಗೂ ನಮಸ್ಕಾರ. ಇವತ್ತು ಸಂಜೆ ಮಗಳ ಜನನ ಪ್ರಮಾಣಪತ್ರ ಹುಡುಕುತ್ತಾ ಬೀರುವಿನಲ್ಲಿದ್ದ ಬಟ್ಟೆ ಎತ್ತಿದೆ. ಕೆಳಗೆ ಬ್ಯಾಂಕಿನ ಕವರ್ ಇತ್ತು. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬಂದದ್ದು. ನಮ್ಮ ಯಜಮಾನರು ಒಡೆದು ಓದಿ ಅಲ್ಲಿಟ್ಟಿದ್ದಾರೆ. ನನಗೆ ಹೇಳಿಲ್ಲ.

2017ರಲ್ಲಿ ಮನೆಗೆ 32 ಲಕ್ಷ ಸಾಲ ಮಾಡಿದೆವು, 20 ವರ್ಷಕ್ಕೆ. ಇಬ್ಬರ ಹೆಸರಲ್ಲೂ ಇದೆ. ಕಂತು ಸುಮಾರು 28 ಸಾವಿರ. ಏಳು ತಿಂಗಳ ಹಿಂದೆ ಅವರ ಕಾರ್ಖಾನೆ ಕೆಲಸ ಹೋಯಿತು. ಮೊದಲ ಎರಡು ಕಂತು ನನ್ನ ಬಳೆ ಅಡವಿಟ್ಟು ಕಟ್ಟಿದ್ದು ನನಗೆ ಗೊತ್ತು. ಆಮೇಲೆ ಐದು ಕಂತು ಕಟ್ಟಿಲ್ಲ ಅನ್ನೋದು ಇವತ್ತೇ ಗೊತ್ತಾಗಿದ್ದು.

ನೋಟಿಸಿನಲ್ಲಿ ಸರ್ಫೇಸಿ ಕಾಯ್ದೆ, ಸೆಕ್ಷನ್ 13(2) ಅಂತ ಇದೆ. 60 ದಿನದೊಳಗೆ 25 ಲಕ್ಷದ 90 ಸಾವಿರ ಕಟ್ಟಬೇಕು, ಇಲ್ಲದಿದ್ದರೆ ಮನೆ ಸ್ವಾಧೀನಕ್ಕೆ ತೆಗೆದುಕೊಳ್ಳುತ್ತೇವೆ ಅಂತ ಬರೆದಿದ್ದಾರೆ. ಅದರ ಮೇಲಿನ ತಾರೀಖಿನಿಂದ ಲೆಕ್ಕ ಹಾಕಿದರೆ ಇವತ್ತಿಗೆ 19 ದಿನ. ಅಷ್ಟು ಹಣ ನಮ್ಮ ಹತ್ತಿರ ಎಲ್ಲಿಂದ ಬರಬೇಕು? ನಾನು ಖಾಸಗಿ ಶಾಲೆಯಲ್ಲಿ ಟೀಚರ್, ಸಂಬಳ 18 ಸಾವಿರ. ಮನೆ ಹೋದ ಹಾಗೇನಾ? ಯಾರನ್ನು ಕೇಳಬೇಕು ಅಂತಲೂ ತೋಚುತ್ತಿಲ್ಲ.


ಹಳೇ ಲೆಡ್ಜರ್ | ಬುಧವಾರ, ಬೆಳಿಗ್ಗೆ 6.15

ತಾಯಿ, ಮನೆ ಹೋಗಿಲ್ಲ. ಮೊದಲು ಅದನ್ನು ತಿಳಿದುಕೊಳ್ಳಿ. ನಾನು 31 ವರ್ಷ ಬ್ಯಾಂಕಿನಲ್ಲಿದ್ದವನು, ಕೊನೆಯ ಒಂಬತ್ತು ವರ್ಷ ಸಾಲ ವಸೂಲಿಯ ವಿಭಾಗದಲ್ಲೇ. ನಿಮ್ಮಂಥ ಫೈಲುಗಳು ನೂರಾರು ನನ್ನ ಮೇಜಿನ ಮೇಲೆ ಬಂದಿವೆ.

ಕಂತು ತಪ್ಪಿದ ಮೊದಲ 90 ದಿನ ಬ್ಯಾಂಕಿನ ಒಳಗೆ ಎಚ್ಚರಿಕೆಯ ಪಟ್ಟಿಯಲ್ಲಿ ಇರುತ್ತೀರಿ. 90 ದಿನ ದಾಟಿದರೆ ಖಾತೆ ಎನ್‌ಪಿಎ ಆಗುತ್ತದೆ, ಅಂದರೆ ವಸೂಲಾಗದ ಸಾಲ ಅಂತ ಗುರುತಾಗುತ್ತದೆ. ಆಮೇಲೆಯೇ ಸರ್ಫೇಸಿ ಕಾಯ್ದೆಯ 13(2) ನೋಟಿಸ್. ಅಡವಿಟ್ಟ ಆಸ್ತಿಯನ್ನು ಬ್ಯಾಂಕು ಕೋರ್ಟಿಗೆ ದಾವೆ ಹೋಗದೆಯೇ ಸ್ವಾಧೀನಕ್ಕೆ ತೆಗೆದುಕೊಳ್ಳಲು ದಾರಿ ಕೊಡುವ ಕಾಯ್ದೆ ಅದು. ಇದರಲ್ಲಿ ಇಡೀ ಬಾಕಿಯನ್ನು ಕೇಳುವುದು ಕಾನೂನಿನ ಪದ್ಧತಿ. ಜನ ಆ ದೊಡ್ಡ ಮೊತ್ತ ನೋಡಿಯೇ ಧೈರ್ಯ ಕಳೆದುಕೊಳ್ಳುತ್ತಾರೆ. ನಿಮ್ಮ ಯಜಮಾನರೂ ಹಾಗೇ ಆಗಿರಬೇಕು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ.

ನೀವು ನೋಡಬೇಕಾದ್ದು ಬೇರೆ ಅಂಕಿ. ಸುಸ್ತಿ, ಅಂದರೆ ಕಟ್ಟದೆ ಉಳಿದ ಕಂತು, ಎಷ್ಟು? ಐದು ಕಂತು, ಅಂದರೆ 1 ಲಕ್ಷ 39 ಸಾವಿರದ ಆಸುಪಾಸು, ಜೊತೆಗೆ ದಂಡ ಶುಲ್ಕ, ನೋಟಿಸ್ ಖರ್ಚು. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಸುಸ್ತಿಯಾದ ಅಸಲು, ಬಡ್ಡಿ ಎರಡನ್ನೂ ಪೂರ್ತಿ ಕಟ್ಟಿದರೆ ಖಾತೆಯನ್ನು ಮತ್ತೆ ಸರಿಯಾದ ಖಾತೆ ಅಂತ ಮಾಡಬಹುದು. ಅರ್ಧ ಕಟ್ಟಿದರೆ ಆಗುವುದಿಲ್ಲ, ಪೂರ್ತಿ ಬೇಕು. ಹಾಗೆ ಖಾತೆ ಸರಿಯಾದರೆ ಸಾಮಾನ್ಯವಾಗಿ ಬ್ಯಾಂಕು ಮುಂದಿನ ಕ್ರಮ ಕೈಬಿಡುತ್ತದೆ. ಆದರೆ ಅದನ್ನು ಬಾಯಿಮಾತಿನಲ್ಲಿ ನಂಬಬೇಡಿ, ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಇಬ್ಬರೂ ಒಟ್ಟಿಗೆ ಬ್ಯಾಂಕಿಗೆ ಹೋಗಿ. ಸಾಲದ ಪೂರ್ತಿ ಸ್ಟೇಟ್‌ಮೆಂಟ್ ಕೇಳಿ. ನೋಟಿಸಿಗೆ ಸಹಿ ಹಾಕಿದ 'ಅಧಿಕೃತ ಅಧಿಕಾರಿ' ಯಾರು, ಎಲ್ಲಿ ಕೂರುತ್ತಾರೆ ಅಂತ ತಿಳಿದುಕೊಳ್ಳಿ. ಶಾಖೆಯ ಮ್ಯಾನೇಜರ್ ಒಳ್ಳೆಯವರೇ ಆಗಿದ್ದರೂ ತೀರ್ಮಾನ ಬಹಳ ಸಲ ಪ್ರಾದೇಶಿಕ ಕಚೇರಿಯಲ್ಲಿ ಆಗುತ್ತದೆ.

ನಮ್ಮ ಕಡೆಯಿಂದ ನೋಡಿದರೆ ಹೇಗಿರುತ್ತದೆ ಗೊತ್ತಾ? ಫೋನ್ ಎತ್ತದ, ಕಾಗದಕ್ಕೆ ಉತ್ತರ ಕೊಡದ ಸಾಲಗಾರನ ಫೈಲ್ ತಾನಾಗಿ ಮುಂದಿನ ಮೇಜಿಗೆ ಹೋಗುತ್ತದೆ. ಯಾರೂ ಅದನ್ನು ತಳ್ಳಬೇಕಾಗಿಲ್ಲ. ಎದುರಿಗೆ ಬಂದು ಕೂತು, ಇಷ್ಟು ಈಗ ಕೊಡುತ್ತೇನೆ, ಇಷ್ಟು ಈ ತಾರೀಖಿಗೆ ಅಂತ ಬರೆದುಕೊಟ್ಟವರ ಫೈಲನ್ನು ನಾನು ಹಿಡಿದಿಟ್ಟುಕೊಳ್ಳಬಹುದಿತ್ತು. ಮೇಲಿನವರು ಕೇಳಿದರೆ ತೋರಿಸಲು ನನ್ನ ಕೈಯಲ್ಲಿ ಒಂದು ಕಾಗದ ಇರುತ್ತಿತ್ತು.


ಬಾಡಿಗೆ ಮನೆ | ಬುಧವಾರ, ಬೆಳಿಗ್ಗೆ 9.02

ಅಕ್ಕಾ, ನಾನು ಮನೆ ಕಳೆದುಕೊಂಡವನು. ನಾನು ಮಾಡಿದ್ದನ್ನು ನೀವು ಮಾಡಬಾರದು ಅಂತ ಬರೆಯುತ್ತಿದ್ದೇನೆ.

ನನಗೂ ಇದೇ ನೋಟಿಸ್ ಬಂದಿತ್ತು. ನಾನೂ ಹೆಂಡತಿಗೆ ಹೇಳಲಿಲ್ಲ. 60 ದಿನ ಕಳೆದು ಗೇಟಿನ ಮೇಲೆ ಸ್ವಾಧೀನದ ನೋಟಿಸ್ ಅಂಟಿಸಿದರು. ಪೇಪರಿನಲ್ಲೂ ಹಾಕಿಸಿದರು. ಅದಾದ ಮೂರೇ ದಿನಕ್ಕೆ ಒಬ್ಬರು ಮನೆಗೆ ಬಂದರು. 'ನಿಮ್ಮ ವಿಷಯ ಗೊತ್ತಾಯಿತು, ಹರಾಜು ನಿಲ್ಲಿಸಿ ಕೊಡುತ್ತೇನೆ, ಬ್ಯಾಂಕಿನ ಮೇಲಿನವರು ನನಗೆ ಬೇಕಾದವರು' ಅಂದರು. 1 ಲಕ್ಷದ 80 ಸಾವಿರ ಕೊಟ್ಟೆ. ಸಿವಿಲ್ ಕೋರ್ಟಿನಲ್ಲಿ ಒಂದು ದಾವೆ ಹಾಕಿಸಿದರು. ಕೋರ್ಟಿನಲ್ಲಿ ಕೇಸಿದೆ, ಇನ್ನು ಯಾರೂ ಮುಟ್ಟುವಂತಿಲ್ಲ ಅಂದುಕೊಂಡು ಸುಮ್ನೆ ಕೂತೆ. ಕೇಸು ನಿಲ್ಲಲೇ ಇಲ್ಲ. ಬ್ಯಾಂಕು ಅದರ ಪಾಡಿಗೆ ಹರಾಜು ಮಾಡಿತು.

ಆ 1.80 ಲಕ್ಷ ಇದ್ದಿದ್ದರೆ ನನ್ನ ಆರು ಕಂತಿನ ಸುಸ್ತಿ ತೀರಿ ಇನ್ನೂ ಉಳಿಯುತ್ತಿತ್ತು. ಇದನ್ನು ನೆನೆಸಿಕೊಂಡರೆ ಇವತ್ತಿಗೂ ನಿದ್ದೆ ಬರುವುದಿಲ್ಲ.

ನಿಮ್ಮ ಬಾಗಿಲಿಗೂ ಅಂಥವರು ಬರುತ್ತಾರೆ. ದುಡ್ಡು ಮುಂಗಡ ಕೇಳುವವರನ್ನು, ಖಾಲಿ ಛಾಪಾ ಕಾಗದಕ್ಕೆ ಸಹಿ ಕೇಳುವವರನ್ನು, ಜಿಪಿಎ (ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ಮಾಡಿಕೊಡಿ ಅನ್ನುವವರನ್ನು ಒಳಗೆ ಕರೆಯಬೇಡಿ.


ಕಪ್ಪು ಕೋಟು | ಬುಧವಾರ, ಮಧ್ಯಾಹ್ನ 1.30

ಮೇಲಿನವರಿಗೆ ಆದದ್ದು ತುಂಬಾ ಜನರಿಗೆ ಆಗುತ್ತಿದೆ. ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಈ ವಿಷಯಗಳಲ್ಲಿ ಸಿವಿಲ್ ಕೋರ್ಟಿಗೆ ಅಧಿಕಾರ ಇಲ್ಲ. ಹೋಗಬೇಕಾದ್ದು ಸಾಲ ವಸೂಲಾತಿ ನ್ಯಾಯಮಂಡಳಿಗೆ, ಎಲ್ಲರೂ ಡಿಆರ್‌ಟಿ ಅನ್ನುತ್ತಾರೆ. ನಮ್ಮ ರಾಜ್ಯದವರಿಗೆ ಅದು ಬೆಂಗಳೂರಿನಲ್ಲಿದೆ. ನಾನು ಅಲ್ಲೇ ವಕೀಲಿ ಮಾಡುತ್ತೇನೆ.

ಹೊಸ್ತಿಲು ಅವರೇ, ನೀವು ದಿನ ಲೆಕ್ಕ ಹಾಕಿದ ರೀತಿ ಸರಿ. 60 ದಿನವನ್ನು ನೋಟಿಸಿನ ತಾರೀಖಿನಿಂದಲೇ ಎಣಿಸಬೇಕು. ಇವತ್ತಿಗೆ 20 ದಿನ ಆಯಿತು, ಇನ್ನು 40 ದಿನ ಇದೆ. ಈ ಅವಧಿಯಲ್ಲಿ ನಿಮಗೆ ಇರುವ ದೊಡ್ಡ ಹಕ್ಕು ಸೆಕ್ಷನ್ 13(3ಎ). ನೋಟಿಸಿಗೆ ನಿಮ್ಮ ಆಕ್ಷೇಪಣೆ ಅಥವಾ ಮನವಿಯನ್ನು ಬರೆದು ಕೊಟ್ಟರೆ, ಬ್ಯಾಂಕು ಅದನ್ನು ಪರಿಶೀಲಿಸಿ, ಒಪ್ಪದಿದ್ದರೆ 15 ದಿನದೊಳಗೆ ಕಾರಣ ಕೊಟ್ಟು ತಿಳಿಸಲೇಬೇಕು. ಜಾಸ್ತಿ ಜನ ಇದನ್ನು ಬಳಸುವುದೇ ಇಲ್ಲ. ಕೆಲಸ ಹೋದದ್ದು, ಈಗಿನ ಆದಾಯ, ಸುಸ್ತಿ ಹೇಗೆ ಯಾವಾಗ ಕಟ್ಟುತ್ತೀರಿ, ಲೆಕ್ಕದಲ್ಲಿ ತಪ್ಪು ಕಂಡರೆ ಅದು, ಎಲ್ಲವನ್ನೂ ಬರೆಯಿರಿ. ಒಂದು ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಇನ್ನೊಂದನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲೂ ಕಳುಹಿಸಿ.

60 ದಿನ ಮುಗಿದರೆ 13(4) ನೋಟಿಸ್ ಬರುತ್ತದೆ. ಅದು ಸಾಮಾನ್ಯವಾಗಿ ಸಾಂಕೇತಿಕ ಸ್ವಾಧೀನ, ಕಾಗದದ ಮೇಲಿನದು. ಅವತ್ತೇ ನಿಮ್ಮನ್ನು ಹೊರಗೆ ಹಾಕುವುದಿಲ್ಲ. ಅದರಿಂದ 45 ದಿನದೊಳಗೆ ಸೆಕ್ಷನ್ 17ರ ಅಡಿ ಡಿಆರ್‌ಟಿಗೆ ಅರ್ಜಿ ಹಾಕಬಹುದು. ಈಗ ಬಂದಿರುವ 13(2) ನೋಟಿಸಿನ ಮೇಲೆ ಹಾಕಲು ಬರುವುದಿಲ್ಲ. ಮನೆಯ ಕೀಲಿ ನಿಜವಾಗಿ ತೆಗೆದುಕೊಳ್ಳಲು ನೀವು ಒಪ್ಪದಿದ್ದರೆ ಬ್ಯಾಂಕು ಸೆಕ್ಷನ್ 14ರಲ್ಲಿ ಜಿಲ್ಲಾ ಮ್ಯಾಜಿಸ್ಟ್ರೇಟರ ಬಳಿ ಹೋಗುತ್ತದೆ. ಮಹಾನಗರಗಳಲ್ಲಾದರೆ ಮುಖ್ಯ ಮೆಟ್ರೋಪಾಲಿಟನ್ ಮ್ಯಾಜಿಸ್ಟ್ರೇಟ್ ಅಂತ ಕಾಯ್ದೆಯಲ್ಲಿದೆ.

ಎಲ್ಲಕ್ಕಿಂತ ಮುಖ್ಯವಾದ ಗಡುವು ಇನ್ನೊಂದಿದೆ. ಮೊದಲೆಲ್ಲ ಹರಾಜು ಮುಗಿಯುವ ಹೊತ್ತಿಗೆ ದುಡ್ಡು ತಂದರೂ ನಡೆಯುತ್ತದೆ ಅನ್ನುವ ನಂಬಿಕೆ ಇತ್ತು. 2016ರ ತಿದ್ದುಪಡಿಯ ನಂತರ ಅದು ಹೋಯಿತು. 2023ರ ಸೆಪ್ಟೆಂಬರಿನಲ್ಲಿ ಬಾಫ್ನಾ ಮೋಟರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಹರಾಜಿನ ಪ್ರಕಟಣೆ ಹೊರಬೀಳುವ ಮೊದಲೇ ಪೂರ್ತಿ ಬಾಕಿ ಕಟ್ಟಿದರೆ ಮನೆ ಬಿಡಿಸಿಕೊಳ್ಳುವ ಹಕ್ಕು, ಪ್ರಕಟಣೆ ಆದಮೇಲೆ ಆ ಹಕ್ಕು ಇಲ್ಲ. ಹರಾಜಿನ ದಿನಕ್ಕೆ ಕಾಯುತ್ತಾ ಕೂತವರು ಹೀಗೇ ಮನೆ ಕಳೆದುಕೊಳ್ಳುತ್ತಿದ್ದಾರೆ.

ವಕೀಲರಿಗೆ ದುಡ್ಡಿಲ್ಲ ಅಂತ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಮಹಿಳೆಯರಿಗೆ ಆದಾಯದ ಮಿತಿಯೇ ಇಲ್ಲದೆ ಉಚಿತ ಕಾನೂನು ನೆರವು ಇದೆ. ಸಾಲ ನಿಮ್ಮ ಹೆಸರಿನಲ್ಲೂ ಇದೆ, ಹಾಗಾಗಿ ನೀವೇ ಕೇಳಬಹುದು. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಕಚೇರಿ ಇರುತ್ತದೆ. ಸಹಾಯವಾಣಿ 15100.


ಬೆಳಗಿನ ಬಸ್ಸು | ಬುಧವಾರ, ರಾತ್ರಿ 8.45

ನಡುವೆ ಬಂದದ್ದಕ್ಕೆ ಕ್ಷಮಿಸಿ. ನಮ್ಮ ಮನೆಗೆ ವಸೂಲಿಯವರು ರಾತ್ರಿ ಒಂಬತ್ತಕ್ಕೆ ಬಂದು ಬೀದಿಯಲ್ಲಿ ನಿಂತು ಕೂಗಾಡುತ್ತಾರೆ. 2025ರಲ್ಲಿ ಸರ್ಕಾರ ಇದಕ್ಕೇ ಅಂತ ಸುಗ್ರೀವಾಜ್ಞೆ ತಂದಿತಲ್ಲ, ಅದರಲ್ಲಿ ದೂರು ಕೊಡಬಹುದಾ?


ಕಪ್ಪು ಕೋಟು | ಬುಧವಾರ, ರಾತ್ರಿ 9.10

ಅದು ನೋಂದಣಿ ಇಲ್ಲದ ಲೇವಾದೇವಿಗಾರರು, ಅಂಥ ಮೈಕ್ರೋಫೈನಾನ್ಸ್ ಸಂಸ್ಥೆಗಳಿಗಾಗಿ ತಂದದ್ದು. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಬ್ಯಾಂಕು, ಎನ್‌ಬಿಎಫ್‌ಸಿಗಳಿಗೆ (ಬ್ಯಾಂಕಲ್ಲದ ಹಣಕಾಸು ಕಂಪನಿಗಳಿಗೆ) ಅನ್ವಯಿಸುವುದಿಲ್ಲ. ಆದರೆ ಅವರಿಗೂ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿಗೆ ಕರೆ ಮಾಡುವಂತಿಲ್ಲ. ಹೆದರಿಸುವುದು, ಅಕ್ಕಪಕ್ಕದವರ ಮುಂದೆ ಮಾನ ತೆಗೆಯುವುದು ಕೂಡದು. ಮೊದಲು ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ, ದೂರು ಕೊಡಬಹುದು, ಖರ್ಚಿಲ್ಲ. ಮಾಹಿತಿಗೆ 14448. ಮನೆ ಸಾಲ ಕೊಡುವ ಹೌಸಿಂಗ್ ಫೈನಾನ್ಸ್ ಕಂಪನಿಯಾದರೆ ನ್ಯಾಷನಲ್ ಹೌಸಿಂಗ್ ಬ್ಯಾಂಕಿಗೆ ದೂರು. ಕೈ ಮಾಡಿದರೆ ಅಥವಾ ಬೆದರಿಸಿದರೆ ನೇರ ಪೊಲೀಸ್ ಠಾಣೆಗೆ ಹೋಗಿ.


ಹೊಸ್ತಿಲು | ಶುಕ್ರವಾರ, ರಾತ್ರಿ 10.20

ಎಲ್ಲರ ಮಾತನ್ನೂ ಯಜಮಾನರಿಗೆ ಓದಿ ಹೇಳಿದೆ. ಬಾಡಿಗೆ ಮನೆ ಅವರು ಬರೆದದ್ದನ್ನು ಕೇಳಿ ಅವರು ಅತ್ತುಬಿಟ್ಟರು. 'ನಿನಗೆ ಹೇಗೆ ಹೇಳಲಿ ಅಂತ ಗೊತ್ತಾಗಲಿಲ್ಲ' ಅಂದರು. ಈಗ ಅವರು ಒಂದು ಗೋದಾಮಿನಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ್ದಾರೆ, 22 ಸಾವಿರ.

ಗುರುವಾರ ಇಬ್ಬರೂ ಬ್ಯಾಂಕಿಗೆ ಹೋದೆವು. ಸರ್ ಹೇಳಿದ ಹಾಗೇ ಆಯಿತು. ಮ್ಯಾನೇಜರ್ ಸ್ಟೇಟ್‌ಮೆಂಟ್ ತೆಗೆಸಿ ಕೊಟ್ಟರು. ಸುಸ್ತಿ, ಶುಲ್ಕ ಎಲ್ಲ ಸೇರಿ 1 ಲಕ್ಷ 46 ಸಾವಿರ. ಮುಂದಿನ ಕಂತು ಬಂದರೆ ಅದೂ ಸೇರುತ್ತದೆ. ಅಧಿಕೃತ ಅಧಿಕಾರಿ ಬೇರೆ ಊರಿನ ಕಚೇರಿಯಲ್ಲಿದ್ದಾರೆ.

25 ಲಕ್ಷ ಅಂದಾಗ ಕತ್ತಲೆ ಬಂದಿತ್ತು. ಒಂದೂವರೆ ಲಕ್ಷ ಅಂದಾಗ ಉಸಿರು ಬಂತು. ಆದರೆ ಅದೂ ಕೈಯಲ್ಲಿಲ್ಲ. ನಮ್ಮ ಬೀದಿಯಲ್ಲೇ ಒಬ್ಬರು ನೂರಕ್ಕೆ ಐದು ರೂಪಾಯಿ ಬಡ್ಡಿಗೆ ನಾಳೆಯೇ ಕೊಡುತ್ತೇನೆ ಅನ್ನುತ್ತಿದ್ದಾರೆ. ತೆಗೆದುಕೊಳ್ಳಲಾ? ಇನ್ನೊಂದು ಕಡೆ ನಮ್ಮಣ್ಣ 'ಮನೆ ಮಾರಿ ನಿಶ್ಚಿಂತೆಯಾಗಿರಿ' ಅನ್ನುತ್ತಾನೆ. ಮನೆಗೆ 60 ಲಕ್ಷದವರೆಗೂ ಬರಬಹುದಂತೆ.


ಹಳೇ ಲೆಡ್ಜರ್ | ಶನಿವಾರ, ಬೆಳಿಗ್ಗೆ 6.05

ಬೇಡ ತಾಯಿ. ತಿಂಗಳಿಗೆ ನೂರಕ್ಕೆ ಐದು ಅಂದರೆ ವರ್ಷಕ್ಕೆ ಅರವತ್ತು. ಒಂದೂವರೆ ಲಕ್ಷಕ್ಕೆ ತಿಂಗಳಿಗೆ ಏಳೂವರೆ ಸಾವಿರ ಬಡ್ಡಿಯೇ ಆಯಿತು, ಅಸಲು ಹಾಗೇ ಇರುತ್ತದೆ. ಬ್ಯಾಂಕಿನ ಕಂತಿನ ಮೇಲೆ ಇದನ್ನೂ ಹೊತ್ತರೆ ಮೂರನೇ ತಿಂಗಳಿಗೆ ಎರಡೂ ನಿಲ್ಲುತ್ತವೆ.

ಯಜಮಾನರ ಹಳೇ ಕಂಪನಿಯ ಪಿಎಫ್ ಏನಾಯಿತು? ಕೆಲಸ ಬಿಟ್ಟವರು ಇದನ್ನು ಮರೆತೇಬಿಡುತ್ತಾರೆ. ಮನೆ ಸಾಲಕ್ಕೂ ಅದರಿಂದ ಹಣ ತೆಗೆಯಬಹುದು. ಎಲ್‌ಐಸಿ ಪಾಲಿಸಿ ಹಳೆಯದಿದ್ದರೆ ಅದರ ಮೇಲೆ ಸಾಲ ಸಿಗುತ್ತದೆ. ಮನೆಯಲ್ಲಿ ಯಾರದಾದರೂ ಠೇವಣಿ ಇದ್ದರೆ ಅದನ್ನು ಮುರಿಯುವುದು ಮೀಟರ್ ಬಡ್ಡಿಗಿಂತ ಎಷ್ಟೋ ವಾಸಿ.

ಮಾರುವ ವಿಷಯಕ್ಕೆ ಬರೋಣ. ಇಲ್ಲಿ ನಿಮ್ಮನ್ನು ನೀವೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಸುಸ್ತಿ ಹೇಗೋ ತೀರಿತು ಅಂತ ಇಟ್ಟುಕೊಳ್ಳಿ. ಮುಂದಿನ ತಿಂಗಳಿನಿಂದ 28 ಸಾವಿರ ಕಟ್ಟಲು ಆಗುತ್ತದಾ? ಇಬ್ಬರದೂ ಸೇರಿ 40 ಸಾವಿರ. ಉಳಿಯುವ 12 ಸಾವಿರದಲ್ಲಿ ಮಗಳ ಓದು, ಊಟ, ಔಷಧಿ. ಒಂದು ತಿಂಗಳು ಜ್ವರ ಬಂದರೆ ಮತ್ತೆ ಕಂತು ತಪ್ಪುತ್ತದೆ. ಇದಕ್ಕೆ ದಾರಿ ಹುಡುಕದೆ ಸುಸ್ತಿ ಮಾತ್ರ ಕಟ್ಟಿದರೆ ಇದೇ ನೋಟಿಸ್ ಇನ್ನಾರು ತಿಂಗಳಿಗೆ ಮತ್ತೆ ಬರುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಾಲ ಮಾಡಿ ಸುಸ್ತಿ ಕಟ್ಟಿದ ಎಷ್ಟೋ ಕುಟುಂಬಗಳು ವರ್ಷ ತುಂಬುವುದರೊಳಗೆ ಅದೇ ಬೆಂಚಿನ ಮೇಲೆ ಬಂದು ಕೂತಿರುತ್ತಿದ್ದವು.

ಹಾಗಾಗಿ ಅವಧಿ ಹೆಚ್ಚಿಸಿ ಕಂತು ಇಳಿಸಲು ಕೇಳಿ. ನಿಮ್ಮ ಅಸಲು ಸುಮಾರು 25 ಲಕ್ಷ, ಉಳಿದಿರುವುದು 12 ವರ್ಷ. ಬಡ್ಡಿ 8.5 ಅಂತ ಹಿಡಿದರೆ, ಅದನ್ನು 18 ವರ್ಷ ಮಾಡಿದಾಗ ಕಂತು 22,600ರ ಹತ್ತಿರ ಬರುತ್ತದೆ. ತಿಂಗಳಿಗೆ ಐದು ಸಾವಿರ ಉಸಿರಾಡಲು ಸಿಗುತ್ತದೆ. ಒಟ್ಟಾರೆ ಸುಮಾರು 9 ಲಕ್ಷ ಜಾಸ್ತಿ ಬಡ್ಡಿ ಕಟ್ಟುತ್ತೀರಿ, ಅದು ನಿಜ. ಕೈ ಸಡಿಲಾದಾಗ ಸ್ವಲ್ಪ ಸ್ವಲ್ಪ ಅಸಲಿಗೆ ಕಟ್ಟಿ, ಬದಲಾಗುವ ಬಡ್ಡಿಯ ಮನೆ ಸಾಲಕ್ಕೆ ಮುಂಚಿತವಾಗಿ ಕಟ್ಟಿದರೆ ದಂಡ ಇಲ್ಲ. ಒಪ್ಪುವುದು ಬಿಡುವುದು ಬ್ಯಾಂಕಿನ ಕೈಯಲ್ಲಿದೆ. ನಿವೃತ್ತಿ ವಯಸ್ಸನ್ನೂ ನೋಡುತ್ತಾರೆ. ಸಾಲದ ಪುನರ್‌ರಚನೆ ಅಂತ ದಾಖಲಾದರೆ ಸಿಬಿಲ್‌ನಲ್ಲಿ, ಅಂದರೆ ನಿಮ್ಮ ಸಾಲದ ಇತಿಹಾಸದ ವರದಿಯಲ್ಲಿ, ಕಾಣುತ್ತದೆ, ಅದನ್ನೂ ಕೇಳಿಯೇ ಸಹಿ ಹಾಕಿ.


ಮಾವಿನ ತೋಪು | ಶನಿವಾರ, ಬೆಳಿಗ್ಗೆ 11.30

ನಾನು ಮಾರಿದವಳು. ಯಜಮಾನರು ತೀರಿಕೊಂಡ ಮೇಲೆ ನನ್ನೊಬ್ಬಳ ಸಂಬಳದಲ್ಲಿ ಕಂತು ಕಟ್ಟಲು ಯಾವ ಲೆಕ್ಕದಲ್ಲೂ ಆಗುತ್ತಿರಲಿಲ್ಲ. ಸಾಲದ ಮೇಲೆ ವಿಮೆ ಇದೆಯಾ ಅಂತ ಮೊದಲು ಹುಡುಕಿದೆ. ಇರಲಿಲ್ಲ. ಹಾಗಾಗಿ ಹರಾಜಿಗೆ ಬಿಡದೆ ನಾನೇ ಗಿರಾಕಿ ಹುಡುಕಿದೆ.

ಮಾರುವುದು ಸೋಲು ಅಂತ ಯಾರೂ ಹೇಳಬೇಡಿ. ಹರಾಜಿನಲ್ಲಿ ಮನೆ ಬಂದ ಬೆಲೆಗೆ ಹೋಗುತ್ತದೆ, ಮೇಲಿಂದ ಖರ್ಚನ್ನೆಲ್ಲ ನಮ್ಮ ಲೆಕ್ಕಕ್ಕೆ ಹಾಕುತ್ತಾರೆ. ಬಾಕಿ ಕಳೆದು ಉಳಿದದ್ದು ನಮಗೆ ಬರಬೇಕು ಅಂತ ಕಾನೂನಿದೆ, ಆದರೆ ಎಷ್ಟು ಉಳಿಯುತ್ತದೆ ಅನ್ನುವುದು ನಮ್ಮ ಕೈಯಲ್ಲಿ ಇರುವುದಿಲ್ಲ. ನಾನೇ ಮಾರಿದ್ದರಿಂದ ಸಾಲ ತೀರಿ, ಚಿಕ್ಕದೊಂದು ಸೈಟು ಕೊಳ್ಳುವಷ್ಟು ಉಳಿಯಿತು.

ಒಂದು ಮಾತು ಮಾತ್ರ ನೆನಪಿಡಿ. 13(2) ನೋಟಿಸ್ ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಮನೆ ಮಾರುವಂತಿಲ್ಲ, ಭೋಗ್ಯಕ್ಕೂ ಕೊಡುವಂತಿಲ್ಲ. ಗಿರಾಕಿಯನ್ನು ಬ್ಯಾಂಕಿಗೇ ಕರೆದುಕೊಂಡು ಹೋಗಿ, ಅವರ ಹಣ ನೇರ ಸಾಲದ ಖಾತೆಗೆ ಬರುವ ಹಾಗೆ ಮಾಡಿಸಿದೆ. ಆಮೇಲೆ ಪತ್ರಗಳು ಬಿಡುಗಡೆಯಾದವು. ಸಾಲ ತೀರಿದ 30 ದಿನದಲ್ಲಿ ಮೂಲ ಪತ್ರ ಕೊಡಬೇಕು, ತಡವಾದರೆ ದಿನಕ್ಕೆ 5,000 ರೂಪಾಯಿ ಕೊಡಬೇಕು ಅಂತ 2023ರ ಡಿಸೆಂಬರಿನಿಂದ ನಿಯಮ ಬಂದಿದೆ.

ಆದರೆ ನಿಮ್ಮ ಕೈಯಲ್ಲಿ ಎರಡು ಸಂಬಳ ಇದೆ. ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ಉಳಿಸಿಕೊಳ್ಳಲು ನೋಡುತ್ತಿದ್ದೆ.


ಹೊಸ್ತಿಲು | 11 ದಿನಗಳ ನಂತರ

ಪಿಎಫ್ ವಿಷಯ ನಾವು ನಿಜವಾಗಿಯೂ ಮರೆತಿದ್ದೆವು. ನೋಡಿದರೆ 1 ಲಕ್ಷ 12 ಸಾವಿರ ಇದೆ! ಅರ್ಜಿ ಹಾಕಿದೆವು, ಮೊದಲ ಸಲ ವಾಪಸ್ ಬಂತು. ಆಧಾರ್‌ನಲ್ಲಿರುವ ಹೆಸರಿಗೂ ಪಿಎಫ್ ಹೆಸರಿಗೂ ಒಂದು ಅಕ್ಷರ ಹೊಂದುತ್ತಿರಲಿಲ್ಲ. ಸರಿ ಮಾಡಿಸಿ ಮತ್ತೆ ಹಾಕಿದ್ದೇವೆ.

ಅಷ್ಟರಲ್ಲಿ 13(3ಎ) ಮನವಿ ಬರೆದು ಕೊಟ್ಟೆವು. ಕಾನೂನು ನೆರವಿನ ಕಚೇರಿಯಲ್ಲಿ ಒಬ್ಬ ಮೇಡಂ ಕೂತು ತಿದ್ದಿಕೊಟ್ಟರು, ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಪಿಎಫ್ ಅರ್ಜಿಯ ಪ್ರತಿ, ಯಜಮಾನರ ಹೊಸ ಕೆಲಸದ ಪತ್ರ, ಅತ್ತೆಯ 60 ಸಾವಿರದ ಠೇವಣಿ ರಸೀದಿ, ಎಲ್ಲ ಸೇರಿಸಿದೆವು. ಅತ್ತೆ ತಾವಾಗಿಯೇ ಕೊಟ್ಟರು. ಸ್ಟೇಟ್‌ಮೆಂಟಿನಲ್ಲಿ ಒಂದು ತಪ್ಪೂ ಸಿಕ್ಕಿತು. ದಂಡ ಶುಲ್ಕದ ಮೇಲೆ ಮತ್ತೆ ಬಡ್ಡಿ ಹಾಕಿದ್ದರು.


ಕಪ್ಪು ಕೋಟು | ಅದೇ ದಿನ

ಅದನ್ನು ಬರವಣಿಗೆಯಲ್ಲಿ ಕೇಳಿದ್ದು ಒಳ್ಳೆಯದಾಯಿತು. 2024ರಿಂದ ದಂಡ ಶುಲ್ಕವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಹಾಕುವಂತಿಲ್ಲ. ಮೊತ್ತ ಚಿಕ್ಕದಿರಬಹುದು, ಆದರೆ ಬ್ಯಾಂಕು ಉತ್ತರ ಕೊಡಲೇಬೇಕಾದ ಆಕ್ಷೇಪಣೆ ಅದು.


ಹೊಸ್ತಿಲು | ನೋಟಿಸಿನ 50ನೇ ದಿನ

ಬ್ಯಾಂಕಿನ ಉತ್ತರ 13ನೇ ದಿನಕ್ಕೆ ಬಂದಿತ್ತು. ತಪ್ಪು ಬಡ್ಡಿ ತೆಗೆದಿದ್ದಾರೆ. 60 ದಿನದೊಳಗೆ ಸುಸ್ತಿ ಪೂರ್ತಿ ಬಂದರೆ ಮುಂದಿನ ಕ್ರಮ ತಡೆಹಿಡಿಯುತ್ತೇವೆ ಅಂತ ಬರೆದಿದ್ದರು. ಮೊದಲು ಅತ್ತೆಯ ಹಣ ಕಟ್ಟಿದೆವು. ಮೊನ್ನೆ ಪಿಎಫ್ ಬಂತು. ಇವತ್ತು ಉಳಿದದ್ದು, ಈ ನಡುವೆ ಬಿದ್ದ ಕಂತು, ಎಲ್ಲ ಕಟ್ಟಿ ರಸೀದಿ ತಂದೆವು. ಕಡಿಮೆ ಬಿದ್ದ ಮೂರು ಸಾವಿರವನ್ನು ನಮ್ಮಣ್ಣನೇ ಕೊಟ್ಟ. ಮಾರು ಅಂದವನು ಅವನೇ.

ನೋಟಿಸ್ ಕೈಬಿಟ್ಟ ಬಗ್ಗೆ ಪತ್ರ ಕೊಡಿ ಅಂತ ಅರ್ಜಿ ಕೊಟ್ಟು ಸೀಲು ಹಾಕಿಸಿಕೊಂಡಿದ್ದೇವೆ. ಅವಧಿ ಹೆಚ್ಚಿಸುವ ಅರ್ಜಿ ಸೋಮವಾರ ಕೊಡುತ್ತೇವೆ. ಅದರಲ್ಲಿ ಇನ್ನೇನಾದರೂ ಕೇಳಬೇಕಾ ಸರ್?


ಹಳೇ ಲೆಡ್ಜರ್ | ಮರುದಿನ, ಬೆಳಿಗ್ಗೆ 5.50

ಸಂತೋಷ ಆಯಿತು ತಾಯಿ. ಪತ್ರ ಕೈಗೆ ಬರುವ ತನಕ ವಾರಕ್ಕೊಮ್ಮೆ ಹೋಗಿ ವಿಚಾರಿಸುತ್ತಾ ಇರಿ.

ಕಂತು ಯಾವ ತಾರೀಖಿಗೆ ಕಡಿತವಾಗುತ್ತದೆ ನೋಡಿ. 5ಕ್ಕೆ ಇದ್ದು, ಯಜಮಾನರ ಹೊಸ ಸಂಬಳ 7ಕ್ಕೆ ಬರುವುದಾದರೆ ಪ್ರತಿ ತಿಂಗಳೂ ಎರಡು ದಿನಕ್ಕೋಸ್ಕರ ಖಾತೆಯಲ್ಲಿ ಹಣ ಸಾಲದೆ ದಂಡ ಬೀಳುತ್ತದೆ. 10ಕ್ಕೆ ಬದಲಾಯಿಸಿಕೊಡಿ ಅಂತ ಅದೇ ಅರ್ಜಿಯಲ್ಲಿ ಒಂದು ಸಾಲು ಬರೆದುಬಿಡಿ.